ಮತಂಗಪರ್ವತದ ಮಾರ್ಗದರ್ಶಿ

ಪರದೇಶದ ಪ್ರವಾಸಿಗಳು ಮಾರ್ಗದರ್ಶಿಯೊಡನೆ ಗುಂಪಾಗಿ ಹಂಪೆಯ ಮತಂಗಪರ್ವತವನ್ನೇರುವುದನ್ನು ಕಂಡು ಹೊಸಪೇಟೆಯವರಾದ ನಾವು ನಗುತ್ತಿದ್ದೆವು. ಕಳೆದ ಮಾಘದಲ್ಲಿ ಒಂದು ದಿನ ನಸುಕಿನಲ್ಲಿ ಅಂತಹದೊಂದು ಗುಂಪನ್ನು ನಾವೂ ಸೇರಿದೆವು. ಮಾರ್ಗದರ್ಶಿಯು ಶಬ್ದರೂಪಗಳನ್ನು ಸದಾ ತಪ್ಪುತ್ತಿದ್ದ ನಮ್ಮ ಹಳೆಯ ಶಿಷ್ಯ!

ವಾಲಿಯು ಮುನಿಶಾಪಕ್ಕಂಜಿ ಕಾಲಿಡದ ಬೆಟ್ಟವಿದೆಂದು ಕಥೆ ಹೇಳುತ್ತ ನಾವು ಮುನ್ನುಗ್ಗಿದೆವು. “ಮೇಷ್ಟ್ರೇ, ಮೆಲ್ಲಗೆ ನಡೆಯುವವರು ಮುಂದಿದ್ದರೆ ಗುಂಪು ಒಡೆಯದು, ತಾವು ಹಿಂದೆ ಬನ್ನಿ” ಎಂದನು. ಮನಸ್ಸಿಗೆ ಕಹಿಯಾಯಿತು.

ಶಿಖರದಲ್ಲಿ ವೀರಭದ್ರನಿಗೆ ಕೈಮುಗಿದು, ಕೆಳಗೆ 1534ರ ಅಚ್ಯುತರಾಯನ ಗುಡಿಯನ್ನು ನೋಡಿ ಇಳಿಯುವಾಗ ನಮ್ಮ ಮೊಣಕಾಲು ಸೋತಿತು. ಆತನು ಏನೊಂದೂ ಆಡದೆ ನಮ್ಮನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದನು. ಗುಂಪೆಲ್ಲ ನಮ್ಮ ಹೆಜ್ಜೆಗೆ ಹೊಂದಿಕೊಂಡಿತು.

ತರಗತಿಯಲ್ಲಿ ನಿಧಾನಿಯಾದ ಆತನನ್ನು ನಾವು ಕೂರಿಸಿದ್ದುದು ಕಡೆಯ ಬೆಂಚಿನಲ್ಲಿ.