ವೀಸಾ ಕೇಳದ ದ್ವೀಪ, ವೀಸಾ ಕೇಳುವ ದಾರಿ

ವೆಸ್ಟ್ ಇಂಡೀಸ್ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಹೆಚ್ಚಿನವರು ಕ್ರಿಕೆಟ್ ಎನ್ನುತ್ತಾರೆ. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ಆದರೆ ತಂಗಿಯ ಗಂಡನಿಗೆ ಬಾರ್ಬಡೋಸ್‌ನಲ್ಲಿ ಕೆಲಸ ಸಿಕ್ಕಿ, ಅವಳೂ ಅಲ್ಲಿಗೆ ಹೋದ ಮೇಲೆ ಆ ಪುಟ್ಟ ದ್ವೀಪ ನಮ್ಮ ದಿನದ ಮಾತಾಯಿತು. ಅವಳ ಚೊಚ್ಚಲ ಹೆರಿಗೆ ಹತ್ತಿರವಾದಾಗ ಬಾಣಂತನಕ್ಕೆ ಉಮ್ಮ ಹೊರಟರು.

“ಬಾರ್ಬಡೋಸ್‌ಗೆ ಭಾರತೀಯರಿಗೆ ವೀಸಾ ಬೇಡ” ಎಂದು ಟಿಕೆಟ್ ಮಾಡಿಸಿಕೊಟ್ಟವರು ಹೇಳಿದ್ದರು. ಅದು ಸುಳ್ಳಲ್ಲ. ಪ್ರವಾಸಿಗಳಾಗಿ ಹೋಗುವ ಭಾರತೀಯರು 90 ದಿನಗಳವರೆಗೆ ವೀಸಾ ಇಲ್ಲದೆ ಅಲ್ಲಿರಬಹುದು. ಆದರೆ ಬೆಂಗಳೂರು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಉಮ್ಮನನ್ನು ತಡೆದರು. “ಲಂಡನ್‌ನಲ್ಲಿ ವಿಮಾನ ಬದಲಿಸಬೇಕಲ್ಲ, ಬ್ರಿಟನ್‌ನ ಟ್ರಾನ್ಸಿಟ್ ವೀಸಾ ಎಲ್ಲಿ?” ಎಂದು ಕೇಳಿದರು. ಅಂಥದ್ದೊಂದು ವೀಸಾ ಇದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ತಂಗಿಗಾಗಿ ಕಟ್ಟಿದ ಪೆಟ್ಟಿಗೆಯೊಂದಿಗೆ ಉಮ್ಮ ರಾತ್ರಿ ಬಸ್ಸಿನಲ್ಲಿ ಮಂಗಳೂರಿಗೆ ಮರಳಿದರು. ವೀಸಾ ಸಿಕ್ಕಿ ಹೊಸ ಟಿಕೆಟ್‌ನಲ್ಲಿ ನಾವಿಬ್ಬರೂ ಅಲ್ಲಿಗೆ ತಲುಪುವಾಗ ಮಗುವಿಗೆ ಹನ್ನೊಂದು ದಿನ. ಮೊದಲ ಹೆರಿಗೆಯ ನೋವಿನಲ್ಲಿ ತಂಗಿಯ ಬಳಿ ತಾಯಿ ಇರಲಿಲ್ಲ. ಕಳೆದುಕೊಂಡ ಹಣ ಮತ್ತೆ ದುಡಿಯಬಹುದು, ಆ ದಿನ ಮತ್ತೆ ಬರುವುದಿಲ್ಲ.

ನಮಗಾದದ್ದು ನಿಮಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನೀವು ಮಗಳ ಮನೆಗೆ ಹೋಗುವವರಿರಲಿ, ದ್ವೀಪ ನೋಡಲು ಹೋಗುವವರಿರಲಿ, ಮೊದಲು ದಾರಿಯನ್ನು ವಿಚಾರಿಸಿ.

ದಾರಿಯ ಲೆಕ್ಕಾಚಾರ

ಭಾರತದಿಂದ ಬಾರ್ಬಡೋಸ್‌ಗೆ ನೇರ ವಿಮಾನವಿಲ್ಲ. ಲಂಡನ್ ಮೂಲಕ ಹೋಗುವುದು ಸಾಮಾನ್ಯ. ಲಂಡನ್‌ನಿಂದ ಮುಂದಕ್ಕೆ ಸುಮಾರು ಒಂಬತ್ತು ಗಂಟೆಯ ಹಾರಾಟ. ನಿಲ್ದಾಣದಿಂದ ಹೊರಬರದೆ ವಿಮಾನ ಬದಲಿಸುವುದಾದರೂ ಭಾರತೀಯ ಪಾಸ್‌ಪೋರ್ಟ್‌ನವರಿಗೆ ಬ್ರಿಟನ್‌ನ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾದಂತಹ ಕೆಲವು ದೇಶಗಳ ವೀಸಾ ಇದ್ದವರಿಗೆ ಷರತ್ತಿನ ಮೇಲೆ ವಿನಾಯಿತಿ ಇದೆ.

ಇನ್ನೊಂದು ಎಚ್ಚರ. ಲಂಡನ್‌ನಲ್ಲಿ ಒಂದಕ್ಕಿಂತ ಹೆಚ್ಚು ವಿಮಾನ ನಿಲ್ದಾಣಗಳಿವೆ. ಹೀತ್ರೂವಿನಲ್ಲಿ ಇಳಿದು ಗ್ಯಾಟ್ವಿಕ್‌ನಿಂದ ಹಾರುವ ಟಿಕೆಟ್ ಅಗ್ಗವೆನಿಸಬಹುದು. ಆದರೆ ಆಗ ನೀವು ಊರೊಳಗೆ ಕಾಲಿಡಬೇಕು, ಅದಕ್ಕೆ ಬೇರೆ ಬಗೆಯ ವೀಸಾ ಬೇಕು. ಅಮೆರಿಕದ ಮೂಲಕ ಹೋಗುವವರಿಗೆ ಅಲ್ಲಿ ಇಳಿಯದಿದ್ದರೂ ಅಮೆರಿಕದ ವೀಸಾ ಬೇಕೇ ಬೇಕು. ಆದ್ದರಿಂದ ಟಿಕೆಟ್‌ಗೆ ಹಣ ಕಟ್ಟುವ ಮೊದಲು ದಾರಿಯಲ್ಲಿ ಸಿಗುವ ಪ್ರತಿಯೊಂದು ದೇಶದ ನಿಯಮವನ್ನೂ ಅದರ ಸರಕಾರಿ ಜಾಲತಾಣದಲ್ಲಿ ಓದಿಕೊಳ್ಳಿ. ಹೋಗುವ ದಾರಿಯಷ್ಟೇ ಅಲ್ಲ, ಬರುವ ದಾರಿಯನ್ನೂ ನೋಡಿ.

ಹಿಂತಿರುಗುವ ಟಿಕೆಟ್, ಉಳಿಯುವ ಮನೆಯ ವಿಳಾಸ ಕೈಯಲ್ಲಿರಲಿ. ಬಾರ್ಬಡೋಸ್‌ನ ವಲಸೆ ನಮೂನೆಯನ್ನು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ತುಂಬಬಹುದು.

ಹತ್ತಿರದ ಟ್ರಿನಿಡಾಡ್ ನೋಡುವ ಆಸೆಯಿದ್ದರೆ ಹಳದಿ ಜ್ವರದ ಲಸಿಕೆ ಮರೆಯಬೇಡಿ. ಅಲ್ಲಿಂದ ಬರುವವರಿಂದ ನಮ್ಮ ಭಾರತ ಸರಕಾರವೇ ಲಸಿಕೆಯ ಕಾರ್ಡ್ ಕೇಳುತ್ತದೆ. ಚುಚ್ಚುಮದ್ದು ಪಡೆದ ಹತ್ತು ದಿನಗಳ ನಂತರವೇ ಕಾರ್ಡ್ ಊರ್ಜಿತವಾಗುತ್ತದೆ. ಕಾರ್ಡ್ ಇಲ್ಲದವರನ್ನು ವಿಮಾನ ನಿಲ್ದಾಣದಲ್ಲೇ ಕೆಲವು ದಿನ ಪ್ರತ್ಯೇಕವಾಗಿ ಇರಿಸಬಹುದು.

ಯಾವಾಗ ಹೋಗಬೇಕು?

ಬಾರ್ಬಡೋಸ್ 34 ಕಿಲೋಮೀಟರ್ ಉದ್ದ, 23 ಕಿಲೋಮೀಟರ್ ಅಗಲದ ದ್ವೀಪ. ನಕಾಶೆ ನೋಡಿದರೆ ಆಶ್ಚರ್ಯವಾಗುತ್ತದೆ, ಅದು ಮಂಗಳೂರು, ಬೆಂಗಳೂರುಗಳಿರುವ 13 ಡಿಗ್ರಿ ಅಕ್ಷಾಂಶದಲ್ಲೇ ಇದೆ. ನಮ್ಮ ಕರಾವಳಿಯಂತೆ ಅಲ್ಲೂ ಸೆಕೆ, ಹತ್ತಿಬಟ್ಟೆ ಸಾಕು. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಮಳೆ ಕಡಿಮೆ, ಬಾಡಿಗೆ ಮತ್ತು ಟಿಕೆಟ್ ದುಬಾರಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ.

2024ರ ಜೂನ್ 29ರಂದು ರಾಹುಲ್ ದ್ರಾವಿಡ್ ತರಬೇತಿಯಲ್ಲಿ ಭಾರತ ತಂಡ ಟಿ-20 ವಿಶ್ವಕಪ್ ಗೆದ್ದದ್ದು ಇದೇ ದ್ವೀಪದ ರಾಜಧಾನಿ ಬ್ರಿಡ್ಜ್‌ಟೌನ್‌ನಲ್ಲಿ. ಗೆದ್ದವರು ಮರುದಿನವೇ ಊರಿಗೆ ಬರಲಾಗಲಿಲ್ಲ. ಬೆರಿಲ್ ಚಂಡಮಾರುತದಿಂದಾಗಿ ವಿಮಾನ ನಿಲ್ದಾಣ ಮುಚ್ಚಿ, ತಂಡ ಹೋಟೆಲಿನಲ್ಲೇ ಉಳಿಯಿತು. ವಿಶೇಷ ವಿಮಾನದಲ್ಲಿ ಅವರು ದೆಹಲಿ ತಲುಪಿದ್ದು ಜುಲೈ 4ರಂದು. ನಮಗೆ ವಿಶೇಷ ವಿಮಾನ ಯಾರು ಕಳಿಸುತ್ತಾರೆ? ಆ ತಿಂಗಳುಗಳಲ್ಲಿ ಹೋಗುವುದಾದರೆ ನಾಲ್ಕೈದು ದಿನಗಳ ಹೆಚ್ಚುವರಿ ಖರ್ಚು, ಔಷಧಿ, ಪ್ರಯಾಣ ವಿಮೆ ಇಟ್ಟುಕೊಂಡೇ ಹೊರಡಿ.

ಪೆಟ್ಟಿಗೆಯಲ್ಲಿ ಏನಿರಲಿ, ಏನು ಬೇಡ?

ಮಕ್ಕಳಿದ್ದ ತಾಯಂದಿರು ಇದನ್ನು ಗಮನಿಸಿ. ಸೈನಿಕರ ಸಮವಸ್ತ್ರದಂತೆ ಹಸಿರು-ಕಂದು ಮಚ್ಚೆಗಳ ಬಟ್ಟೆ ಬಾರ್ಬಡೋಸ್‌ನಲ್ಲಿ ಸಾರ್ವಜನಿಕರಿಗೆ ನಿಷಿದ್ಧ. ಪುಟ್ಟ ಮಕ್ಕಳ ಚಡ್ಡಿ, ಟೋಪಿ, ಚೀಲಕ್ಕೂ ಇದೇ ಕಾನೂನು. ಹಸಿ ಹಣ್ಣು, ಗಿಡ, ಬೀಜ, ಮಾಂಸ ಒಯ್ಯಬೇಡಿ. ಅಲ್ಲಿ ವಿದ್ಯುತ್ತಿನ ವೋಲ್ಟೇಜ್ 115. ನಮ್ಮ ಮಿಕ್ಸಿ ಅಲ್ಲಿ ಸರಿಯಾಗಿ ತಿರುಗುವುದಿಲ್ಲ, ಆದ್ದರಿಂದ ಮಸಾಲೆ ಇಲ್ಲೇ ಪುಡಿ ಮಾಡಿ ಒಯ್ಯಿರಿ. ಮೊಬೈಲ್ ಚಾರ್ಜರ್‌ಗೆ ಚಪ್ಪಟೆ ಪಿನ್ನಿನ ಅಡಾಪ್ಟರ್ ಬೇಕು. ನಲ್ಲಿ ನೀರನ್ನು ಹಾಗೆಯೇ ಕುಡಿಯಬಹುದು.

ಊಟ ಮತ್ತು ನಮಾಝ್

ಸಾಮಾನು ಹೆಚ್ಚಾಗಿ ಹೊರಗಿನಿಂದ ಬರುವುದರಿಂದ ಅಂಗಡಿಯಲ್ಲಿ ಬೆಲೆ ಕೇಳಿ ಉಮ್ಮ ದಿನವೂ ಗಾಬರಿಯಾಗುತ್ತಿದ್ದರು. ಆದರೆ ಮೀನು ತಾಜಾ ಸಿಗುತ್ತದೆ. ಹಾರುವ ಮೀನು ಮತ್ತು ಮೆಕ್ಕೆಜೋಳದ ಹಿಟ್ಟಿನ ‘ಕುಕು’ ಅಲ್ಲಿನ ರಾಷ್ಟ್ರೀಯ ಊಟ. ಹಂದಿಮಾಂಸದ ಬಳಕೆ ಹೆಚ್ಚು, ಹಬ್ಬದ ಕೇಕಿನಲ್ಲಿ ರಮ್ ಇರುತ್ತದೆ. ಕೇಳಿಯೇ ತಿನ್ನಿ, ಕೇಳಿದರೆ ಯಾರೂ ಬೇಸರಿಸುವುದಿಲ್ಲ.

ಮಾರುಕಟ್ಟೆಯಲ್ಲಿ ಉಮ್ಮ ಒಂದು ಕಾಯಿ ನೋಡಿ ನಿಂತೇಬಿಟ್ಟರು. ನಮ್ಮ ಜೀಗುಜ್ಜೆ! 1793ರಲ್ಲಿ ಕ್ಯಾಪ್ಟನ್ ಬ್ಲೈ ಎಂಬವನ ಹಡಗಿನಲ್ಲಿ ಅದರ ಗಿಡಗಳು ತಹಿತಿಯಿಂದ ಕೆರಿಬಿಯನ್‌ಗೆ ಬಂದವು, ತೋಟಗಳಲ್ಲಿ ದುಡಿಯುವ ಗುಲಾಮರಿಗೆ ಅಗ್ಗದ ಆಹಾರವಾಗಲಿ ಎಂದು. ಅಂದು ರಾತ್ರಿ ನಮ್ಮಲ್ಲಿ ಜೀಗುಜ್ಜೆ ಪೋಡಿ.

ಸುಮಾರು ನೂರು ವರ್ಷಗಳ ಹಿಂದೆ ಬಂಗಾಳದಿಂದ, ನಂತರ ಗುಜರಾತಿನ ಸೂರತ್ ಕಡೆಯಿಂದ ಬಂದ ಮುಸ್ಲಿಮರು ಮನೆಮನೆಗೆ ಬಟ್ಟೆ ಹೊತ್ತು ಕಂತಿನಲ್ಲಿ ಮಾರಿ ಇಲ್ಲಿ ನೆಲೆಯಾದರು. ಕ್ರಿಕೆಟ್ ಮೈದಾನದಿಂದ ದೂರವಲ್ಲದ ಕೆನ್ಸಿಂಗ್ಟನ್ ನ್ಯೂ ರೋಡಿನಲ್ಲಿ ಜುಮಾ ಮಸೀದಿ ಇದೆ. ಹಲಾಲ್ ಕೋಳಿ ಎಲ್ಲಿ ಸಿಗುತ್ತದೆಂದು ನಮಗೆ ತಿಳಿದದ್ದು ಮಸೀದಿಯ ಬಳಿ ಸಿಕ್ಕ ಗುಜರಾತಿ ಅಜ್ಜಿಯಿಂದ. ಒಂದು ನೆನಪಿಡಿ. ಊರಿನಲ್ಲಿ ನಾವು ಪಶ್ಚಿಮದ ಕಡೆಗೆ ನಮಾಝ್‌ಗೆ ನಿಲ್ಲುತ್ತೇವೆ, ಅಲ್ಲಿ ಕಿಬ್ಲಾ ಪೂರ್ವದಿಂದ ತುಸು ಉತ್ತರಕ್ಕೆ. ಮೊದಲ ದಿನ ಅಭ್ಯಾಸಬಲದಿಂದ ಉಮ್ಮ ಹಾಸಿದ ಮುಸಲ್ಲಾವನ್ನು ತಂಗಿ ನಗುತ್ತಾ ತಿರುಗಿಸಿದಳು.

ಓಡಾಟ ಮತ್ತು ಸಮುದ್ರ

ಎರಡು ಬಾರ್ಬಡೋಸ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್. ಸರಕಾರಿ ಬಸ್ಸು ನೀಲಿ, ಖಾಸಗಿ ಮಿನಿಬಸ್ಸು ಹಳದಿ. ನೀಲಿ ಬಸ್ಸಿನಲ್ಲಿ ನಗದು ಕೊಟ್ಟರೆ ಚಿಲ್ಲರೆ ವಾಪಸು ಸಿಗುವುದಿಲ್ಲ, ಸರಿಯಾದ ಹಣ ಹಿಡಿದುಕೊಳ್ಳಿ. ವಾಹನಗಳು ನಮ್ಮಂತೆಯೇ ಎಡಗಡೆ ಚಲಿಸುತ್ತವೆ.

ಪಶ್ಚಿಮದ ಕಡಲು ಶಾಂತ, ಮಕ್ಕಳೊಂದಿಗೆ ಅಲ್ಲಿಗೇ ಹೋಗಿ. ಪೂರ್ವದಲ್ಲಿ ಬಾತ್ಶೆಬಾದ ಕಡೆ ಅಟ್ಲಾಂಟಿಕ್‌ನ ಅಲೆಗಳು ಜೋರು. ನೋಡಲು ಚೆಂದ, ನೀರಿಗಿಳಿಯಬೇಡಿ. ಕಡಲತೀರದಲ್ಲಿ ಮ್ಯಾಂಚಿನೀಲ್ ಎಂಬ ವಿಷದ ಮರವಿದೆ. ಅದರ ಹಣ್ಣು ಪುಟ್ಟ ಹಸಿರು ಸೇಬಿನಂತಿರುತ್ತದೆ, ಹಾಲು ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಮಳೆ ಬಂದಾಗ ಅದರಡಿ ನಿಲ್ಲಲೂಬಾರದು. ಎಷ್ಟೋ ಕಡೆ ಕಾಂಡಕ್ಕೆ ಕೆಂಪು ಬಣ್ಣದ ಪಟ್ಟಿ ಬಳಿದಿರುತ್ತಾರೆ. ಎಲ್ಲ ಮರಗಳಿಗೂ ಬಳಿದಿರುವುದಿಲ್ಲವಾದ್ದರಿಂದ ಮಕ್ಕಳಿಗೆ ಬಿದ್ದ ಹಣ್ಣು ಹೆಕ್ಕದಂತೆ ಮೊದಲೇ ಹೇಳಿ.

ಮನೆಗೆ ಫೋನ್ ಮಾಡುವಾಗ ನಮ್ಮ ಗಡಿಯಾರ ಅವರದಕ್ಕಿಂತ ಒಂಬತ್ತೂವರೆ ಗಂಟೆ ಮುಂದಿರುವುದು ನೆನಪಿರಲಿ.

ಉಮ್ಮ ಅಲ್ಲಿ ಎರಡು ತಿಂಗಳಿದ್ದು ಬಾಣಂತನ ಮುಗಿಸಿ ಬಂದರು. ಈಗ ಸಂಬಂಧಿಕರಲ್ಲಿ ಯಾರಾದರೂ ವಿದೇಶಕ್ಕೆ ಹೊರಟರೆ ಅವರು “ಎಲ್ಲಿಗೆ?” ಎಂದು ಕೇಳುವುದಿಲ್ಲ. “ಎಲ್ಲೆಲ್ಲಿ ಇಳಿದು ಹೋಗುತ್ತೀರಿ?” ಎಂದೇ ಕೇಳುತ್ತಾರೆ. ನೀವೂ ಆ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಿ. ನಿಮ್ಮ ಪ್ರಯಾಣ ಸುಖಕರವಾಗಲಿ, ಸಮಯಕ್ಕೆ ಸರಿಯಾಗಿ ನಿಮ್ಮವರ ಬಳಿ ತಲುಪುವಂತಾಗಲಿ.