ಸುವೊನ್ ಊರಿನ ಶಾಲೆ ಕಲಿಸಿದ ಪಾಠ

ಮೂವತ್ತನಾಲ್ಕು ವರ್ಷ ಶಾಲೆಯ ಗಂಟೆಯ ಸದ್ದಿಗೆ ದಿನಚರಿಯನ್ನು ಹೊಂದಿಸಿಕೊಂಡು ಬಾಳಿದವನು ನಾನು. ನಿವೃತ್ತನಾದ ಮೇಲೂ ಯಾವ ಊರಿಗೆ ಹೋದರೂ ನನ್ನ ಕಣ್ಣು ಮೊದಲು ಅರಸುವುದು ಅಲ್ಲಿಯ ಶಾಲೆಯನ್ನೇ. 2019ರ ಮಾರ್ಚ್ ತಿಂಗಳಲ್ಲಿ ನನ್ನ ಶ್ರೀಮತಿಯೊಡನೆ ದಕ್ಷಿಣ ಕೊರಿಯಾದ ಸುವೊನ್ ನಗರಕ್ಕೆ, ಆಗ ಅಲ್ಲಿ ಇಂಜಿನಿಯರನಾಗಿದ್ದ ಮಗನ ಮನೆಗೆ ಹೋದಾಗಲೂ ಹಾಗೆಯೇ ಆಯಿತು. ಮೂರು ತಿಂಗಳ ಆ ವಾಸದಲ್ಲಿ ನಾನು ಕಂಡ ಕೋಟೆ-ಅರಮನೆಗಳಿಗಿಂತ ಮೊಮ್ಮಗಳು ಓದುತ್ತಿದ್ದ ಒಂದು ಪ್ರಾಥಮಿಕ ಶಾಲೆಯೇ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿದೆ.

ಸುವೊನ್ ಇರುವುದು ರಾಜಧಾನಿ ಸಿಯೋಲ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ. ಜೊಂಗ್ಜೊ ಎಂಬ ಅರಸನು 1794ರಿಂದ 1796ರ ಅವಧಿಯಲ್ಲಿ ಕಟ್ಟಿಸಿದ ಹ್ವಾಸೊಂಗ್ ಕೋಟೆಯ ಗೋಡೆಯು ಹಳೆಯ ಊರನ್ನು ಬಳಸಿ ಐದು ಕಿಲೋಮೀಟರಿಗೂ ಹೆಚ್ಚು ಉದ್ದ ಸಾಗುತ್ತದೆ. 1997ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರತಿದಿನ ಮುಂಜಾನೆ ನಾನು ಈ ಗೋಡೆಯ ಮೇಲೆ ತಿರುಗಾಡಲು ಹೋಗುತ್ತಿದ್ದೆ. ಕೋಟೆಯ ಪಕ್ಕದ ಪಲ್ದಾಲ್ ಗುಡ್ಡದ ತಪ್ಪಲಿನಲ್ಲಿ ಹೆಂಚಿನ ಮಾಡಿನ ಹಳೆಯ ಕಟ್ಟಡವೊಂದಿದೆ. ಅದು ಹಿಂದಿನ ಕಾಲದ ಸರ್ಕಾರಿ ಕನ್‌ಫ್ಯೂಷಿಯಸ್ ವಿದ್ಯಾಲಯ. ಗುರುವಿನ ನೆರಳನ್ನು ಕೂಡ ತುಳಿಯಬಾರದೆಂಬ ನಾಣ್ಣುಡಿ ಆ ನಾಡಿನಲ್ಲಿ ಇಂದಿಗೂ ಬಳಕೆಯಲ್ಲಿದೆ. ಶಿಕ್ಷಕರನ್ನು ಅವರು ಹೆಸರು ಹಿಡಿದು ಕರೆಯುವುದಿಲ್ಲ, ‘ಸೊನ್‌ಸೆಂಗ್‌ನಿಮ್’ ಎನ್ನುತ್ತಾರೆ. ನಮ್ಮ ‘ಗುರುಗಳೇ’ ಎಂಬ ಮಾತಿನ ತೂಕವೇ ಅದಕ್ಕೂ ಇದೆ.

ಮೊಮ್ಮಗಳ ಶಾಲೆಯನ್ನು ಕಂಡು ನನಗೆ ಆನಂದವಾಯಿತು. ಮಕ್ಕಳು ಬಾಗಿಲಲ್ಲಿಯೇ ಹೊರಗಿನ ಪಾದರಕ್ಷೆಗಳನ್ನು ಕಳಚಿ, ಒಳಗೆ ಮೆಟ್ಟುವ ಬೇರೆ ಪಾದರಕ್ಷೆಗಳನ್ನು ಧರಿಸುತ್ತಿದ್ದರು. ತಮ್ಮ ತರಗತಿಯನ್ನು ತಾವೇ ಗುಡಿಸುತ್ತಿದ್ದರು. ಮಧ್ಯಾಹ್ನ ಶಿಕ್ಷಕರೂ ಮಕ್ಕಳೂ ಒಂದೇ ಅಡುಗೆಯನ್ನು ಉಣ್ಣುತ್ತಿದ್ದರು. ಹಿರಿಯರಿಗೆ ಏನನ್ನೇ ಕೊಡುವಾಗಲೂ ಎರಡೂ ಕೈ ಹಿಡಿದು, ತಲೆಬಾಗಿಸಿ ಕೊಡುತ್ತಿದ್ದರು. ‘ಇಂಥ ಶಾಲೆಯಲ್ಲಿ ಕೆಲಸ ಮಾಡುವವರೇ ಪುಣ್ಯವಂತರು’ ಎಂದು ನಾನು ಮಡದಿಯ ಮುಂದೆ ಹೇಳಿದ್ದುಂಟು.

ಆ ಮಾತು ಅರ್ಧಸತ್ಯವೆಂದು ನನಗೆ ತೋರಿಸಿಕೊಟ್ಟವಳು ಅದೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕೆನಡಾ ದೇಶದ ಒಬ್ಬ ತರುಣಿ. ನಮ್ಮ ಬೀದಿಯ ಎದುರು ಕಟ್ಟಡದಲ್ಲಿ, ಶಾಲೆಯವರೇ ಕೊಟ್ಟಿದ್ದ ಒಂದು ಕೋಣೆಯ ಮನೆಯಲ್ಲಿ ಆಕೆ ಒಬ್ಬಳೇ ವಾಸವಾಗಿದ್ದಳು. ‘ಅಜ್ಜಾ, ಇವರೇ ನಮ್ಮ ಇಂಗ್ಲಿಷ್ ಟೀಚರ್’ ಎಂದು ಮೊಮ್ಮಗಳು ಪರಿಚಯಿಸಿದಳು. ಆಕೆ ಸಸ್ಯಾಹಾರಿ ಎಂದು ತಿಳಿದೊಡನೆ ನನ್ನ ಶ್ರೀಮತಿಯ ಅಂತಃಕರಣ ಕರಗಿತು. ಊರಿನಿಂದ ಒಯ್ದಿದ್ದ ಜೋಳದ ಹಿಟ್ಟಿನ ರೊಟ್ಟಿ, ಶೇಂಗಾ ಚಟ್ನಿ ಉಣ್ಣಲು ಆಕೆ ವಾರಕ್ಕೊಮ್ಮೆಯಾದರೂ ನಮ್ಮ ಮನೆಗೆ ಬರತೊಡಗಿದಳು.

ಇಂಥ ವಿದೇಶಿ ಶಿಕ್ಷಕರು ಅಲ್ಲಿ ಹೇಗೆ ಬಂದರೆಂಬುದನ್ನು ಓದುಗರಿಗೆ ತಿಳಿಸಬೇಕು. ಕೊರಿಯಾ ಸರ್ಕಾರವು 1995ರಲ್ಲಿ ‘ಎಪಿಕ್’ ಎಂಬ ಯೋಜನೆಯನ್ನು ಆರಂಭಿಸಿ, ಇಂಗ್ಲಿಷ್ ಮಾತೃಭಾಷೆಯ ಶಿಕ್ಷಕರನ್ನು ಸರ್ಕಾರಿ ಶಾಲೆಗಳಿಗೆ ಕರೆಸಿಕೊಳ್ಳತೊಡಗಿತು. 1997ರಿಂದ ಮೂರನೆಯ ತರಗತಿಯಿಂದಲೇ ಇಂಗ್ಲಿಷ್ ಕಡ್ಡಾಯವಾಯಿತು. ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪದವೀಧರರು ಮುಖ್ಯವಾಗಿ ಈ ಕೆಲಸಕ್ಕೆ ಬರುತ್ತಾರೆ. ಸರ್ಕಾರಿ ಶಾಲೆಗಳಲ್ಲದೆ ‘ಹಾಗ್ವೊನ್’ ಎಂಬ ಖಾಸಗಿ ಪಾಠಶಾಲೆಗಳೂ ಊರ ತುಂಬ ಇವೆ. ಮಕ್ಕಳು ಶಾಲೆ ಬಿಟ್ಟ ಮೇಲೆ ರಾತ್ರಿಯವರೆಗೂ ಅಲ್ಲಿ ಓದುತ್ತಾರೆ. ನವೆಂಬರ್‌ನಲ್ಲಿ ನಡೆಯುವ ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷನ್ನು ಕೇಳಿಸಿಕೊಂಡು ಉತ್ತರಿಸುವ ಭಾಗ ನಡೆಯುವಾಗ ವಿಮಾನಗಳ ಹಾರಾಟವನ್ನೇ ನಿಲ್ಲಿಸುತ್ತಾರೆಂದರೆ ಆ ನಾಡಿನಲ್ಲಿ ಈ ಭಾಷೆಗಿರುವ ಬೆಲೆಯನ್ನು ಊಹಿಸಿಕೊಳ್ಳಬಹುದು.

ಆ ತರುಣಿ 2018ರ ಆಗಸ್ಟ್‌ನಲ್ಲಿ ಒಂದು ವರ್ಷದ ಕರಾರಿನ ಮೇಲೆ ಬಂದಿದ್ದಳು. ಏಪ್ರಿಲ್ ಹೊತ್ತಿಗೆ ಅವಧಿ ಮುಗಿಯುವ ಮುಂಚೆಯೇ ಕೆಲಸ ಬಿಟ್ಟುಹೋಗುವ ನಿರ್ಧಾರಕ್ಕೆ ಬಂದಿದ್ದಳು. ಹಾಗೆ ಹೋದರೆ ವರ್ಷ ಪೂರೈಸಿದವರಿಗೆ ಕಾನೂನಿನಂತೆ ಸಿಗುವ ಒಂದು ತಿಂಗಳ ಸಂಬಳದಷ್ಟು ಹಣವೂ ಕೈತಪ್ಪುತ್ತಿತ್ತು. ‘ಮಕ್ಕಳು ನನ್ನನ್ನು ಪ್ರೀತಿಸುತ್ತಾರೆ, ಆದರೆ ಶಿಕ್ಷಕರ ಕೋಣೆಯಲ್ಲಿ ನಾನು ಇದ್ದೂ ಇಲ್ಲದವಳು’ ಎಂದು ಒಂದು ಸಂಜೆ ಕಣ್ಣೀರು ತಂದುಕೊಂಡಳು.

ಆಕೆಯ ದೂರುಗಳನ್ನು ನಾನು ಒಂದೊಂದಾಗಿ ಕೇಳಿದೆ. ಮೊದಲ ದಿನವೇ ಸಹೋದ್ಯೋಗಿಗಳು ‘ನಿಮ್ಮ ವಯಸ್ಸೆಷ್ಟು? ಮದುವೆಯಾಗಿದೆಯೇ?’ ಎಂದು ಕೇಳಿದ್ದರು. ಆಕೆಗೆ ಇದು ಅಪಮಾನವೆನಿಸಿತ್ತು. ತರಗತಿಯಲ್ಲಿ ಮಕ್ಕಳ ಹೆಸರುಗಳನ್ನು ಕೆಂಪು ಶಾಯಿಯಲ್ಲಿ ಬರೆದಾಗ ಕೊರಿಯಾದ ಶಿಕ್ಷಕಿಯೊಬ್ಬರು ಮಾತಿಲ್ಲದೆ ಆಕೆಯ ಕೈಯಿಂದ ಪೆನ್ನನ್ನು ತೆಗೆದುಕೊಂಡಿದ್ದರು. ಕೆಂಪಿನಲ್ಲಿ ಬರೆದ ಹೆಸರು ಅಲ್ಲಿ ಸಾವಿನ ಸೂಚನೆ ಎಂದು ಆಕೆಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ವಾರಕ್ಕೆ 22 ಪಾಠವೆಂದು ಕರಾರಿನಲ್ಲಿದ್ದರೂ, ಚಳಿಗಾಲದ ರಜೆಯಲ್ಲಿ ಮಕ್ಕಳಿಲ್ಲದ ಶಾಲೆಗೆ ದಿನವೂ ಬಂದು ಎಂಟು ತಾಸು ಕುಳಿತಿರಬೇಕಾಗಿತ್ತು. ವಿದೇಶಿ ಶಿಕ್ಷಕರು ಇದನ್ನು ‘ಮೇಜು ಬೆಚ್ಚಗಿಡುವ ಕೆಲಸ’ ಎಂದು ಹಾಸ್ಯ ಮಾಡುತ್ತಾರಂತೆ. ಒಮ್ಮೆ ಪಾಠದ ಸಿದ್ಧತೆ ಮಾಡಿಕೊಂಡು ಹೋದರೆ ತರಗತಿಯೇ ಬರಿದಾಗಿತ್ತು. ಮಕ್ಕಳು ಪ್ರವಾಸಕ್ಕೆ ಹೋಗಿದ್ದರು. ಆಕೆಗೆ ಯಾರೂ ಹೇಳಿರಲಿಲ್ಲ. ಎಲ್ಲಕ್ಕಿಂತ ಕಠಿಣವಾದದ್ದು ‘ಹ್ವೆಸಿಕ್’, ಅಂದರೆ ಸಿಬ್ಬಂದಿಯೆಲ್ಲ ಸಂಜೆ ಕೂಡಿ ಉಣ್ಣುವ ಪದ್ಧತಿ. ಮಾಂಸ ಸುಡುವ ಒಲೆಯ ಸುತ್ತ, ಸೋಜು ಎಂಬ ಮದ್ಯದ ನಡುವೆ, ಈಕೆ ಅನ್ನ ಮತ್ತು ಸೊಪ್ಪಿನ ಎಲೆ ತಿಂದು ಒಂದೆರಡು ಸಲ ಬೇಗನೆ ಎದ್ದುಬಂದಿದ್ದಳು. ಆಮೇಲೆ ಹೋಗುವುದನ್ನೇ ಬಿಟ್ಟಿದ್ದಳು.

ಕೇಳುತ್ತ ಹೋದಂತೆ ನನಗೆ ಒಂದು ವಿಚಿತ್ರ ಅನುಭವವಾಯಿತು. ಆಕೆಗೆ ಒಗಟಾಗಿದ್ದ ಅನೇಕ ಸಂಗತಿಗಳು ನನಗೆ ಸಹಜವೆನಿಸಿದವು. ವಯಸ್ಸು ಕೇಳುವುದು ಕೊರಿಯಾದವರಿಗೆ ಕುತೂಹಲವಲ್ಲ, ಅವಶ್ಯಕತೆ. ಎದುರಿನವರು ಹಿರಿಯರೋ ಕಿರಿಯರೋ ಎಂದು ತಿಳಿಯದೆ ಅವರ ಭಾಷೆಯಲ್ಲಿ ಕ್ರಿಯಾಪದವನ್ನೇ ಮುಗಿಸಲು ಬಾರದು. ‘ನೀನು’, ‘ನೀವು’ಗಳ ಭೇದವಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಶಾಲೆಯಲ್ಲಿ ಮಕ್ಕಳಿಲ್ಲದಿದ್ದರೂ ಶಿಕ್ಷಕ ಹಾಜರಿರಬೇಕೆಂಬ ನಿಯಮವನ್ನು ನಾನೇ ಎಷ್ಟು ಸಲ ಜಾರಿಗೆ ತಂದಿಲ್ಲ!

ಏಪ್ರಿಲ್ ಕೊನೆಯಲ್ಲಿ ಪಾಲಕರು ಪಾಠವನ್ನು ನೋಡಲು ಶಾಲೆಗೆ ಬರುವ ದಿನ ಒದಗಿತು. ಸೊಸೆಯೊಡನೆ ನಾನೂ ಹೋದೆ. ನಾನು ನಿವೃತ್ತ ಮುಖ್ಯೋಪಾಧ್ಯಾಯನೆಂದು ತಿಳಿದ ಅಲ್ಲಿಯ ಉಪ ಮುಖ್ಯೋಪಾಧ್ಯಾಯಿನಿಯವರು ಬಹಳ ಗೌರವದಿಂದ ತಮ್ಮ ಕೋಣೆಗೆ ಕರೆದು ಚಹ ಕೊಟ್ಟರು. ಸೊಸೆ ದುಭಾಷಿಯಾದಳು. ನಮ್ಮ ಊಟದ ವಿಚಾರ ಬಂದಾಗ, ನಾವು ಮಾಂಸ ತಿನ್ನುವುದಿಲ್ಲವೆಂದು ಕೇಳಿ ಅವರು ನಕ್ಕರು. ‘ನಮ್ಮ ಇಂಗ್ಲಿಷ್ ಶಿಕ್ಷಕಿಯೂ ಹಾಗೆಯೇ. ಒಳ್ಳೆಯ ಹುಡುಗಿ, ಚೆನ್ನಾಗಿ ಕಲಿಸುತ್ತಾರೆ. ಆದರೆ ನಮ್ಮೊಡನೆ ಕೂಡಲು ಮನಸ್ಸಿಲ್ಲ. ಅವರಿಗಾಗಿಯೇ ಈ ತಿಂಗಳು ಮಾಂಸದ ಅಂಗಡಿ ಬಿಟ್ಟು ಬಿಬಿಂಬಾಪ್ ಅಂಗಡಿಗೆ ಹೋದೆವು. ಅಂದೂ ಅವರು ಬರಲಿಲ್ಲ’ ಎಂದರು. ಬಿಬಿಂಬಾಪ್ ಎಂದರೆ ಬಗೆಬಗೆಯ ತರಕಾರಿ ಸೇರಿಸಿ ಖಾರದ ಮಸಾಲೆಯೊಡನೆ ಕಲಸಿ ಉಣ್ಣುವ ಅನ್ನ, ಮಾಂಸವಿಲ್ಲದೆಯೂ ಮಾಡಿಕೊಡುತ್ತಾರೆ.

‘ಅಂಗಡಿ ಬದಲಿಸಿದ್ದನ್ನು ಆಕೆಗೆ ತಿಳಿಸಿದ್ದಿರಾ?’ ಎಂದು ನಾನು ಕೇಳಿಸಿದೆ. ಅವರು ಆಶ್ಚರ್ಯದಿಂದ ನನ್ನನ್ನು ನೋಡಿದರು. ಅಂಗಡಿಯ ಹೆಸರನ್ನು ಹೇಳಿದ್ದರಂತೆ. ಅಷ್ಟರಿಂದಲೇ ಅರ್ಥವಾಗಬೇಕಲ್ಲವೇ ಎಂಬುದು ಅವರ ಭಾವ.

ಕೊರಿಯನ್ನರು ‘ನುನ್ಚಿ’ ಎಂಬ ಮಾತನ್ನು ಆಗಾಗ ಬಳಸುತ್ತಾರೆ. ಹೇಳದೆಯೇ ಎದುರಿನವರ ಮನಸ್ಸನ್ನು ಅರಿಯುವ ಸೂಕ್ಷ್ಮತೆಗೆ ಆ ಹೆಸರು. ನುನ್ಚಿ ಇಲ್ಲದವರೆಂದರೆ ಅಲ್ಲಿ ಬಹಳ ಕೆಟ್ಟ ಮಾತು. ಆದರೆ ಅಂಗಡಿಯ ಹೆಸರನ್ನು ಓದಲೂ ಬಾರದ ಪರದೇಶಿ ಹುಡುಗಿಗೆ ಈ ಸೂಕ್ಷ್ಮತೆ ಎಲ್ಲಿಂದ ಬರಬೇಕು? ಆಕೆ ಬೆಳೆದ ನಾಡಿನಲ್ಲಿ ಕೆಲಸವೆಂದರೆ ಕಾಗದದ ಮೇಲೆ ಬರೆದದ್ದು. ಬರೆಯದೇ ಇದ್ದದ್ದು ಬಾಯಿಬಿಟ್ಟು ಹೇಳಿದ್ದು. ಇವರಿಗೆ ಕರಾರು ಸಂಬಂಧದ ಮೊದಲ ಮೆಟ್ಟಿಲು ಮಾತ್ರ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಕುಳಿತಿದ್ದರು; ಇಬ್ಬರೂ ನೊಂದಿದ್ದರು.

ಮನೆಗೆ ಮರಳುವಾಗ ನನ್ನ ಕಾಲುಗಳು ಭಾರವಾಗಿದ್ದವು. ಆ ಉಪ ಮುಖ್ಯೋಪಾಧ್ಯಾಯಿನಿಯವರಲ್ಲಿ ನಾನು ನನ್ನನ್ನೇ ಕಂಡಿದ್ದೆ. 1994ರ ಸುಮಾರಿಗೆ, ಗದಗ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದಾಗ, ಕರಾವಳಿಯ ಕಡೆಯಿಂದ ಒಬ್ಬ ತರುಣ ವಿಜ್ಞಾನ ಶಿಕ್ಷಕಿ ಬಂದಿದ್ದರು. ಅವರ ಪುಸ್ತಕದಂಥ ಕನ್ನಡ ನಮ್ಮವರಿಗೆ ಬಿಂಕವೆನಿಸಿತು. ನಮ್ಮ ‘ಬಾರವಾ, ಕೂಡ್ರವಾ’ ಎಂಬ ಪ್ರೀತಿಯ ಏಕವಚನ ಅವರಿಗೆ ತಿರಸ್ಕಾರವೆನಿಸಿತು. ಸಿಬ್ಬಂದಿಯ ಮನೆಗಳ ಶುಭಕಾರ್ಯಗಳಿಗೆ ಅವರು ಬರಲಿಲ್ಲ. ಬಾಯಿಮಾತಿನಲ್ಲಿ ಊರಿಗೆಲ್ಲ ಹೇಳಿದ್ದೇ ಕರೆ ಎಂದು ನಾವು ತಿಳಿದಿದ್ದೆವು. ತಮ್ಮನ್ನು ಯಾರೂ ಕರೆಯಲಿಲ್ಲವೆಂದು ಅವರು ತಿಳಿದಿದ್ದಿರಬೇಕು. ಎಂಟು ತಿಂಗಳಿಗೆ ರಾಜೀನಾಮೆ ಕೊಟ್ಟು ಹೋದರು. ‘ಹೊಂದಿಕೊಳ್ಳುವ ಸ್ವಭಾವವಿಲ್ಲ’ ಎಂದು ನಾನು ಕಡತದಲ್ಲಿ ಬರೆದೆ. ಒಂದು ದಿನವಾದರೂ ಎದುರಿಗೆ ಕೂಡ್ರಿಸಿಕೊಂಡು ‘ಏನು ತೊಂದರೆ, ತಾಯಿ?’ ಎಂದು ಕೇಳಲಿಲ್ಲ. ಒಂದೇ ರಾಜ್ಯ, ಒಂದೇ ಭಾಷೆಯ ನಮ್ಮ ನಡುವೆಯೇ ಹೀಗಾದರೆ, ಸಾಗರ ದಾಟಿ ಬಂದವಳ ಪಾಡೇನು?

ಅಂದು ಸಂಜೆ ರೊಟ್ಟಿ ಉಣ್ಣಲು ಬಂದ ತರುಣಿಗೆ ಬಿಬಿಂಬಾಪ್ ಅಂಗಡಿಯ ಸಂಗತಿಯನ್ನು ಹೇಳಿದೆ. ಆಕೆ ತುತ್ತನ್ನು ಕೈಯಲ್ಲೇ ಹಿಡಿದು ಬಹಳ ಹೊತ್ತು ಸುಮ್ಮನಿದ್ದಳು. ‘ಅವರು ಒಂದು ಮಾತು ಹೇಳಬಾರದಿತ್ತೇ?’ ಎಂದಳು. ‘ಹೇಳಿದ್ದೇವೆಂದೇ ಅವರು ತಿಳಿದಿದ್ದಾರೆ, ಮಗಳೇ’ ಎಂದೆ.

ಮುಂದಿನ ವಾರ ಆಕೆ ಧೈರ್ಯ ಮಾಡಿ, ಪ್ರತಿ ಸೋಮವಾರ ಹತ್ತು ನಿಮಿಷ ತನ್ನೊಡನೆ ಕುಳಿತು ಆ ವಾರದ ಬದಲಾವಣೆಗಳನ್ನು ಬರೆದುಕೊಡಬೇಕೆಂದು ಸಹಶಿಕ್ಷಕಿಯನ್ನು ಕೇಳಿಕೊಂಡಳು. ಅವರು ಒಪ್ಪಿದರು. ಮೇ ತಿಂಗಳ ಊಟಕ್ಕೆ ಈಕೆಯೂ ಹೋದಳು. ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಆಗಸ್ಟ್‌ನಲ್ಲಿ ಕರಾರು ಮುಗಿದಾಗ ಆಕೆ ಅದನ್ನು ಮುಂದುವರಿಸದೆ ಸ್ವದೇಶಕ್ಕೆ ಮರಳಿದಳು. ಆದರೆ ನಡುವೆ ಬಿಟ್ಟು ಓಡಿಹೋಗಲಿಲ್ಲ. ಮಕ್ಕಳಿಗೆ ಹೇಳಿಯೇ ಹೋದಳು.

ಆ ಮೇ ತಿಂಗಳ 15ರಂದು ಕೊರಿಯಾದ ಶಿಕ್ಷಕರ ದಿನ. ಕೊರಿಯನ್ ಲಿಪಿಯನ್ನು ನಾಡಿಗಿತ್ತ ಸೆಜೊಂಗ್ ಅರಸನ ಜನ್ಮದಿನವದು. ಶ್ರೀಮತಿಯವರು ಮೊಮ್ಮಗಳ ಶಿಕ್ಷಕಿಗೆಂದು ಬೇಸನ್ ಉಂಡಿ ಕಟ್ಟಿ ಕೊಟ್ಟರು. ಡಬ್ಬಿ ಹಾಗೆಯೇ ಹಿಂದಿರುಗಿತು. ಜೊತೆಗೆ ಒಂದು ವಿನಯದ ಚೀಟಿ. 2016ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಲಂಚ ನಿಷೇಧ ಕಾನೂನಿನಂತೆ ಶಿಕ್ಷಕರು ಮಕ್ಕಳಿಂದ ಉಡುಗೊರೆ ಪಡೆಯುವಂತಿಲ್ಲವೆಂದು ಅದರಲ್ಲಿತ್ತು. ನಮಗೆ ಬೇಸರವಾಗಲಿಲ್ಲ, ಗೌರವ ಹೆಚ್ಚಿತು. ಸ್ಪಷ್ಟವಾಗಿ, ಮರ್ಯಾದೆಯಿಂದ ತಿಳಿಸಿದ ‘ಬೇಡ’ ಎಂಬ ಮಾತು ಯಾರನ್ನೂ ನೋಯಿಸುವುದಿಲ್ಲ.

ಎಲ್ಲ ತೊಂದರೆಗಳನ್ನೂ ‘ಸಂಸ್ಕೃತಿಯ ಭೇದ’ವೆಂದು ಮುಚ್ಚಿಡಬಾರದೆಂಬುದನ್ನೂ ಇಲ್ಲಿ ಹೇಳಬೇಕು. ವರ್ಷ ತುಂಬಿದರೆ ಹಣ ಕೊಡಬೇಕಾಗುತ್ತದೆಂದು ಹನ್ನೊಂದನೆಯ ತಿಂಗಳಲ್ಲಿ ಶಿಕ್ಷಕರನ್ನು ತೆಗೆದುಹಾಕುವ ಖಾಸಗಿ ಪಾಠಶಾಲೆಗಳ ಬಗ್ಗೆಯೂ ಅಲ್ಲಿ ಕೇಳಿದೆ. ಅದು ಭೇದವಲ್ಲ, ಅನ್ಯಾಯ. ಕೊರಿಯಾದವರೂ ತಮ್ಮ ಪದ್ಧತಿಗಳನ್ನು ತಿದ್ದಿಕೊಳ್ಳುತ್ತಿದ್ದಾರೆ. ಕೆಲಸದ ಸ್ಥಳದಲ್ಲಿ ಮೇಲಿನವರು ಕೆಳಗಿನವರನ್ನು ಪೀಡಿಸುವುದನ್ನು ನಿಷೇಧಿಸುವ ಕಾನೂನು 2019ರ ಜುಲೈ 16ರಿಂದ ಅಲ್ಲಿ ಜಾರಿಗೆ ಬಂದಿತು. 2023ರ ಜುಲೈನಲ್ಲಿ ಸಿಯೋಲ್‌ನ ತರುಣ ಶಿಕ್ಷಕಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡಾಗ ಸಾವಿರಾರು ಶಿಕ್ಷಕರು ಬೀದಿಗಿಳಿದರು. ಗುರುವಿನ ನೆರಳನ್ನೂ ತುಳಿಯದ ನಾಡಿನಲ್ಲಿ ಗುರುವಿನ ಸಂಕಟವನ್ನು ಕೇಳುವವರು ಇರಲಿಲ್ಲವೆಂಬುದೇ ಅವರ ಅಳಲಾಗಿತ್ತು. ಮೌನದ ಭಾರ ಪರದೇಶಿಯರ ಮೇಲೆ ಮಾತ್ರ ಬೀಳುವುದಿಲ್ಲ.

ಇಂದು ನಮ್ಮ ಮನೆಗಳ ಮಕ್ಕಳೂ ನಾನಾ ದೇಶಗಳಿಗೆ ಕೆಲಸಕ್ಕೆ ಹೋಗುತ್ತಿದ್ದಾರೆ. 2010ರ ಜನವರಿಯಿಂದ ಜಾರಿಯಲ್ಲಿರುವ ಭಾರತ-ಕೊರಿಯಾ ಆರ್ಥಿಕ ಒಪ್ಪಂದವು ಅರ್ಹ ಭಾರತೀಯ ಶಿಕ್ಷಕರಿಗೂ ಅಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗುವ ಅವಕಾಶ ಕಲ್ಪಿಸಿದೆ. ಹೋಗುವ ಮಕ್ಕಳಿಗೆ ಪಾಲಕರು ಉಪ್ಪಿನಕಾಯಿ, ಚಟ್ನಿಪುಡಿಗಳೊಡನೆ ಒಂದು ಮಾತನ್ನೂ ಕಟ್ಟಿಕೊಡಲಿ: ತಿಳಿಯದಿದ್ದುದನ್ನು ಸಂಕೋಚಪಡದೆ ಕೇಳು, ನೊಂದಾಗ ಕೂಡಲೇ ತೀರ್ಪು ಕೊಡಬೇಡ.

ನನ್ನ ಬಳಿ ಆ ವಿಜ್ಞಾನ ಶಿಕ್ಷಕಿಯ ವಿಳಾಸವಿಲ್ಲ. ಕಡತದಲ್ಲಿ ಬರೆದ ಸಾಲನ್ನು ಅಳಿಸುವ ಅಧಿಕಾರವೂ ಈಗ ನನಗಿಲ್ಲ. ಆದರೆ ಇಂದು ನಮ್ಮ ಶಾಲೆಗಳಲ್ಲಿ, ಕಚೇರಿಗಳಲ್ಲಿ ಹಿರಿಯ ಸ್ಥಾನದಲ್ಲಿರುವವರಿಗೆ ಒಂದು ವಿನಂತಿ ಮಾಡಬಲ್ಲೆ. ನಿಮ್ಮಲ್ಲಿಗೆ ಬೇರೆ ಊರಿನಿಂದ ಹೊಸಬರು ಬಂದಿದ್ದರೆ, ಅವರ ಬಗ್ಗೆ ಅಭಿಪ್ರಾಯ ಬರೆಯುವ ಮುನ್ನ ಒಮ್ಮೆ ಎದುರಿಗೆ ಕೂಡ್ರಿಸಿಕೊಂಡು ಮಾತನಾಡಿರಿ. ಊಟಕ್ಕೆ ಕರೆಯುವುದಾದರೆ, ಅವರ ಹೆಸರು ಹಿಡಿದೇ ಕರೆಯಿರಿ.