ನೀರ ಬರತೈತೇನ್ರಿ?

ಚೆನ್ನೈನ ವೇಳಚ್ಚೇರಿಯಲ್ಲಿ ಮನೆ ನೋಡಲು ಬರುವವರು ಅಡುಗೆಮನೆ, ಪಾರ್ಕಿಂಗ್ ಎಲ್ಲ ನೋಡಿ ಮುಗಿಸಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಒಂದು ಪ್ರಶ್ನೆ ಕೇಳುತ್ತಾರೆ. 2012ರಲ್ಲಿ ನಾನೂ ಕೇಳಿದ್ದೆ. "ರಸ್ತೇಲಿ ಒಂದು ಗಂಟೆ ನಿಲ್ಲುತ್ತೆ, ಆಮೇಲೆ ಹೋಗುತ್ತೆ" ಎಂದಿದ್ದರು ಮಾರುತ್ತಿದ್ದ ಯಜಮಾನರು. ನಾನು ತೀರ್ಥಹಳ್ಳಿ ಕಡೆಯವನು. ತಿಂಗಳುಗಟ್ಟಲೆ ಬಟ್ಟೆ ಒಣಗದ ಊರಲ್ಲಿ ಬೆಳೆದವನಿಗೆ ಚೆನ್ನೈ ಮಳೆ ಯಾವ ಲೆಕ್ಕ ಎಂದು ನೆಲಮಹಡಿಯ ಫ್ಲ್ಯಾಟಿಗೆ ಅಡ್ವಾನ್ಸ್ ಕೊಟ್ಟೆ. ಪಕ್ಕದ ರಸ್ತೆಯ ಹೆಸರಿನಲ್ಲಿ 'ಏರಿ' ಇತ್ತು. ನಮ್ಮಲ್ಲಿ ಏರಿ ಅಂದರೆ ಕೆರೆಯ ದಂಡೆ, ಎತ್ತರದ ಜಾಗ. ತಮಿಳಿನಲ್ಲಿ ಏರಿ ಅಂದರೆ ಕೆರೆಯೇ. ಎಂ.ಟೆಕ್ ಓದಿದ್ದು ಇಲ್ಲಿ ಉಪಯೋಗಕ್ಕೆ ಬರಲಿಲ್ಲ.

ಅಮ್ಮ ಮೊದಲ ಸಲ ಬಂದಾಗ ಗೇಟಿನ ಹೊರಗೆ ನಿಂತು, "ಇಲ್ಲಿ ಬಿದ್ದ ನೀರು ಎಲ್ಲಿಗೆ ಹೋಗ್ತದೆ ಮಾರಾಯ?" ಎಂದಿದ್ದಳು. ಪ್ರತಿ ಮೇ ತಿಂಗಳಲ್ಲಿ ಅಡಿಕೆ ತೋಟದ ಬಸಿಗಾಲುವೆ ಬಿಡಿಸುವವಳಿಗೆ ಅದು ಸಹಜ ಪ್ರಶ್ನೆ. ಉತ್ತರ, ಪಳ್ಳಿಕರಣೈ ಜೌಗಿಗೆ. ದಕ್ಷಿಣ ಚೆನ್ನೈನ ಎಷ್ಟೋ ಕೆರೆಗಳ ಹೆಚ್ಚುವರಿ ನೀರು ಅಲ್ಲಿ ಸೇರಿ, ಒಕ್ಕಿಯಂ ಮಡುವಿನ ಮೂಲಕ ಸಮುದ್ರದ ಕಡೆ ಹರಿಯಬೇಕು. ಆ ಜೌಗಿನ ಬಹುಭಾಗದ ಮೇಲೆ ಈಗ ರಸ್ತೆ, ಅಪಾರ್ಟ್‌ಮೆಂಟು, ಕಸದ ಗುಡ್ಡ, ನಮ್ಮಂಥವರ ಐಟಿ ಆಫೀಸು.

2015ರ ಡಿಸೆಂಬರ್ 1. ಆ ಒಂದು ದಿನ ತಾಂಬರಂನಲ್ಲಿ 49 ಸೆಂಟಿಮೀಟರ್ ಮಳೆ. ನಾವು ಬಾಗಿಲಿಗೆ ಚೀಲ, ಹಳೆ ಬೆಡ್‌ಶೀಟು ಒತ್ತಿ ಕಾವಲು ಕೂತಿದ್ದರೆ, ನೀರು ಬಚ್ಚಲ ತೂಬಿನಿಂದ ಗುಳುಗುಳು ಎಂದು ಮೇಲೆದ್ದು ಬಂತು. ಕಪ್ಪು ನೀರು. ಎರಡನೇ ಮಹಡಿಯ ಪಾಟಿ ನಮ್ಮನ್ನು ನಾಲ್ಕು ರಾತ್ರಿ ಇಟ್ಟುಕೊಂಡರು. ಅವರ ಹೆಸರು ನನಗೆ ತಿಳಿದದ್ದೇ ಆಗ! ಇಳಿದ ಮೇಲೆ ಹಾಲ್‌ನ ಗೋಡೆಯಲ್ಲಿ, ಮಗಳ ಎತ್ತರ ಗುರುತು ಹಾಕುತ್ತಿದ್ದ ಕಡೆಯೇ, ಪೆನ್ಸಿಲ್ಲಿನಿಂದ ಗೆರೆ ಎಳೆದೆ. ಅವಳು 3 ಅಡಿ 4 ಇಂಚು, ನೀರು 2 ಅಡಿ 10 ಇಂಚು.

2023ರಲ್ಲಿ ಮಿಚಾಂಗ್ ಚಂಡಮಾರುತಕ್ಕೆ ಮತ್ತೆ ಬಂತು. ಈ ಸಲ 1 ಅಡಿ 8. ಸಾಕು, ಮಾರೋಣ ಎಂದಳು ಹೆಂಡತಿ. ಫೆಬ್ರವರಿಯಲ್ಲಿ ಗೋಡೆಗೆ ಎರಡು ಕೋಟ್ ಬಣ್ಣ ಹೊಡೆಸಿದೆ. ಶಾಲೆಯಿಂದ ಬಂದ ಮಗಳು ಖಾಲಿ ಗೋಡೆ ನೋಡಿ, "ನನ್ನ ಗೆರೆಗಳನ್ನೂ ಯಾಕೆ ಅಳಿಸಿದ್ರಿ?" ಎಂದಳು. ಬರೀ ನೀರಿನ ಗೆರೆ ಅಳಿಸಲು ಬರುವುದಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು?

ಮನೆ ನೋಡಲು ಬಂದದ್ದು ಹುಬ್ಬಳ್ಳಿಯ ಹುಡುಗ, ಹುಡುಗಿ. ಮದುವೆಯಾಗಿ ವರ್ಷವಾಗಿಲ್ಲ. ಕನ್ನಡದವರ ಮನೆ ಅಂತಲೇ ಹುಡುಕಿಕೊಂಡು ಬಂದಿದ್ದರು. ಕಾಫಿ ಕುಡಿದು ಹೊರಟಾಗ ಹುಡುಗ ಕೇಳಿದ, "ಮಳ್ಯಾಗ ನೀರ ಬರತೈತೇನ್ರಿ ಸರ?"

"ರಸ್ತೇಲಿ ಒಂದು ಗಂಟೆ ನಿಲ್ಲುತ್ತೆ" ಎಂದೆ. ಯೋಚಿಸಿ ಹೇಳಿದ್ದಲ್ಲ. ಹನ್ನೆರಡು ವರ್ಷದಿಂದ ಆ ಮಾತು ಬಾಯಲ್ಲೇ ಕೂತಿತ್ತೇನೋ.

ಆಫೀಸಿನಲ್ಲಿ ರಿಸ್ಕ್ ರಿಜಿಸ್ಟರ್ ಸರಿಯಾಗಿ ತುಂಬಿಲ್ಲ ಎಂದು ಹುಡುಗರನ್ನು ಬೈಯುವವನು ನಾನು. ಆ ರಾತ್ರಿ ಹೆಂಡತಿಗೆ ಹೇಳಿದೆ. ಅವಳು ಹೋಮ್ ಲೋನಿನ ಬಾಕಿ ಎಷ್ಟಿದೆ ಎಂದಷ್ಟೇ ಕೇಳಿ ಮಗ್ಗುಲಾದಳು. ಬೆಳಿಗ್ಗೆ ಹುಡುಗನಿಗೆ 2015ರ ಫೋಟೋ, ಮಿಚಾಂಗ್ ಫೋಟೋ ಎರಡೂ ಕಳಿಸಿ ಫೋನ್ ಮಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ಥ್ಯಾಂಕ್ಸ್ ರೀ ಸರ" ಎಂದ. ಮನೆ ತೆಗೆದುಕೊಳ್ಳಲಿಲ್ಲ. ಆಮೇಲೆ ಬಂದ ಮೂವರಿಗೂ ಮೊದಲೇ ಹೇಳಿದೆ, ಮೂವರೂ ಕಾಫಿಗೆ ಕೂರಲಿಲ್ಲ. ಹೆಂಡತಿ ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಅವಳ ಸಿಟ್ಟು ತಪ್ಪು ಎನ್ನಲಾರೆ.

ಹಾಗಾಗಿ 2024ರ ಅಕ್ಟೋಬರಿನಲ್ಲಿ ರೆಡ್ ಅಲರ್ಟ್ ಎಂದಾಗ ನಾವು ಇಲ್ಲೇ ಇದ್ದೆವು. ಎಲ್ಲರಂತೆ ಕಾರನ್ನು ವೇಳಚ್ಚೇರಿ ಫ್ಲೈಓವರ್ ಮೇಲೆ ಸಾಲಲ್ಲಿ ನಿಲ್ಲಿಸಿ ನಡೆದು ಬಂದೆ. ವಾಷಿಂಗ್ ಮಷೀನನ್ನು ಇಟ್ಟಿಗೆ ಮೇಲೆ ಏರಿಸಿ, ಬಚ್ಚಲ ತೂಬಿಗೆ ಮರಳುಚೀಲ ಒತ್ತಿದೆವು. ರಾತ್ರಿ ಹುಡುಗನ ಮೆಸೇಜ್ ಬಂತು: "ಸರ, ನೀರ ಬಂತೇನ್ರಿ?"

ಟಾರ್ಚ್ ಹಿಡಿದು ಗೇಟಿನ ತನಕ ಹೋಗಿ ನೋಡಿ ಬಂದು ಬರೆದೆ: "ಎರಡನೇ ಮೆಟ್ಟಿಲು. ಇನ್ನೂ ಎರಡಿದೆ."